ಲಾರಿಯ ಸೋಮವಾರ

ನನ್ನ ಅಳಿಯ ನಿದ್ದಿಯೊಳಗ ಲಾರಿ ಹೊಡೀತಾನ. ಹೊರಸಿನ ಮ್ಯಾಲ ಅಂಗಾತ ಮಲಗಿರ್ತಾನ, ಬಾಯಿ ತೆರದಿರತೈತಿ, ಕಣ್ಣು ಪೂರಾ ಮುಚ್ಚಿರತಾವ. ಬಲಗಾಲು ಮಾತ್ರ ಸುಮ್ಮನಿರೂದಿಲ್ಲ. ಪಾದ ಮುಂದಕ್ಕ ಚಾಚತೈತಿ, ಒತ್ತತೈತಿ, ಬಿಡತೈತಿ. ಎಡಗೈ ಕೌದಿಯೊಳಗ ಏನೋ ಹಿಡದು ಹಿಂದಕ್ಕ ಎಳೀತೈತಿ. ಗೇರ್ ಬದಲಿ ಮಾಡತಾನ ಅಂತ ಮಗಳು ಹೇಳಿದ ಮ್ಯಾಲ ನನಗ ತಿಳೀತು. ಮೊದಲ ನಾ ಜಂತಿನ ಬ್ಯಾನಿ ಇರಬೇಕು ಅಂದಿದ್ದೆ.

ಮುಂಜಾನಿ ಬಿಸಲು ಬಾಗಲದಿಂದ ಒಳಗ ಬಂದು ಹೊರಸಿನ ಕಾಲಿನ ತನಕ ಹಾಸಿರತೈತಿ. ನಾ ಮೊರದಾಗ ಜ್ವಾಳಾ ಹಸನ ಮಾಡಕೋತ ಅವನ ಕಾಲು ನೋಡತೇನಿ. ನೋಡಕೋತ ಕೂತ್ರ ರಸ್ತಾ ಕಾಣಾಕ ಹತ್ತತೈತಿ. ಇಲ್ಲಿ ತಿರುವು ಬಂತು. ಇಲ್ಲಿ ಕುರಿ ಹಿಂಡು ಅಡ್ಡ ಬಂತು. ಇಲ್ಲಿ ಇಳುಕಲು, ಕಾಲು ಹಗರಾತು. ಮೊರದಾಗಿನ ಕಾಳು ಸರಸರ ಅಂತಾವ, ಆಂವ ಎಲ್ಲೋ ಸಿಂದಗಿ ಕಡಿ ಹೊಂಟಿರತಾನ, ಮನಿ ಅವನ ಹಿಂದ ಸಣ್ಣದಾಕ್ಕೋತ ಹೋಗತೈತಿ. ಆ ಮನ್ಯಾಗ ನಾ ಕೂತೇನಿ.

ಆಂವ ನನ್ನ ತಮ್ಮನ ಮಗ. ನನ್ನ ಮಗಳನ್ನ ಮಾಡಿಕೊಂಡು ನಮ್ಮ ಮನ್ಯಾಗ ಉಳದಾನ. ಮನಿ ಗೊಳಸಂಗಿ ಹತ್ರ, ಹೊಲದಾಗ ಐತಿ. ವರ್ಷದ ಹೆಚ್ಚಿನ ದಿನ ಒಕ್ಕಲುತನ. ಕಬ್ಬಿನ ಸೀಜನ್ ಚಾಲೂ ಆತಂದ್ರ ಮುದ್ದೇಬಿಹಾಳದ ಒಬ್ಬ ಮಾಲಕರ ಲಾರಿ ಹೊಡೀತಾನ. ಇಂಡಿ ಕಡಿ, ಆಲಮೇಲ ಕಡಿ ಹೊಲದಾಗ ಕಬ್ಬು ತುಂಬಿಸಿಕೊಂಡು ಫ್ಯಾಕ್ಟರಿಗೆ ಒಯ್ಯೂದು. ಅಂಥವರಿಗೆ ಸೀಜನ್ ಡ್ರೈವರ್ ಅಂತಾರ. ಅರ್ಧ ರೈತ, ಅರ್ಧ ಡ್ರೈವರ್ ಅಂತ ಲೆಕ್ಕ. ನಾ ಅಂತೇನಿ, ಕೆಲಸ ಎರಡೂ ಪೂರಾ, ಮನಷ್ಯಾ ಅಷ್ಟ ಅರ್ಧ.

ಲೈಸೆನ್ಸ್ ಸುಮ್ಮನ ಬಂದಿದ್ದಲ್ಲ. ಮೊದಲ ಎಂಟನೇ ಇಯತ್ತೆ ಪಾಸಾಗಿರಬೇಕು ಅಂತ ಕಾನೂನಿತ್ತು. ಇಂವ ಏಳಕ್ಕ ಸಾಲಿ ಬಿಟ್ಟಾಂವ. ಹೆದ್ದಾರಿ ದಂಡಿಗೆ ನಿಂತು ಹೋಗೂ ಲಾರಿ ನೋಡತಿದ್ದ, ಮದಿವ್ಯಾಗ ಊಟ ಸಿಗಲಾರದಾಂವ ಪಂಗತಿ ನೋಡಿದಂಗ. ಆಮ್ಯಾಲ ಆ ಕಾನೂನು ತಗದ್ರು. ಮೊದಲ ಸಣ್ಣ ಗಾಡಿದು ಮಾಡಿಸಿದ. ಅದು ಬಂದು ಒಂದು ವರ್ಷ ಆಗೂತನಕ ದೊಡ್ಡ ಗಾಡಿದು ಕೊಡೂದಿಲ್ಲ. ಆ ವರ್ಷ ಊಟಕ್ಕ ಕೂತಾಗ ತಾಟು ಎರಡೂ ಕೈಲೆ ಹಿಡದು ಎಡಕ್ಕ ಬಲಕ್ಕ ತಿರಗಸತಿದ್ದ. ಪಲ್ಯೆ ಚೆಲ್ಲತಿತ್ತು. ನಾ ಬೈತಿದ್ದೆ.

ಕಡೀಕ ದೊಡ್ಡದೂ ಬಂತು. ಮಗಳು ಅದನ್ನ ದೇವರ ಜಗಲಿ ಮ್ಯಾಲ ಇಟ್ಟು ಕುಂಕುಮ ಹಚ್ಚಿದಳು. ಅದರ ಮ್ಯಾಲ ತಾರೀಖು ಇತ್ತು. ಐದು ವರ್ಷಕ್ಕ ಮುಗೀತೈತಿ, ಮತ್ತ ಡಾಕ್ಟರ್ ಮೈ ಕಣ್ಣು ನೋಡಿ ಸಹಿ ಹಾಕಿದ್ರ ಮುಂದ ಅಂತ ಅಳಿಯ ಹೇಳಿದ. ಲಗ್ನಕ್ಕೂ ಹಿಂಗ ತಾರೀಖು ಹಾಕಿದ್ರ ಎಷ್ಟೋ ಮಂದಿ ಉಳೀತಿದ್ರು ಅಂತ ನಾ ಅಂದೆ. ಮಗಳು ಸಿಟ್ಟಿಗೆದ್ದಳು.

ಆ ತಾರೀಖು ಈ ಸೀಜನ್ನಿನ ನಡುವ ಬಂತು, ಎಳ್ಳ ಅಮಾಸಿ ಆಗಿ ಸ್ವಲ್ಪ ದಿನಕ್ಕ. ಮಾಲಕರು ಮೊದಲ ಹೇಳಿಬಿಟ್ಟಿದ್ರು: "ತಾರೀಖು ಮುಗದ ಮರುದಿನ ನನ್ನ ಗಾಡಿ ಮುಟ್ಟಬ್ಯಾಡ ತಮ್ಮಾ. ನೀ ಛಲೋ ಹುಡುಗ ಅದಿ, ಆದ್ರ ಬ್ಯಾರೆ ಡ್ರೈವರ್ ಬಾಗಲದಾಗ ನಿಂತಾನ." ಒಮ್ಮಿ ಎದ್ದು ಬಂದ ಸೀಟು ತಿರುಗಿ ಸಿಗೂದಿಲ್ಲ. ಅಳಿಯಗ ಆ ಸೀಟಂದ್ರ ಜೀವ. ಹೊಲದಾಗ ಬಾಗಿಸಿದ ಬೆನ್ನು ಅಲ್ಲಿ ಕೂತಾಗ ಅಷ್ಟ ನೆಟ್ಟಗಾಗತಿತ್ತು. ಅದು ನಾನೂ ನೋಡೇನಿ.

ಈಗ ಸೋಮವಾರದ ಮಾತು ಹೇಳಬೇಕು.

ನಮ್ಮ ಕಡಿ ಸೋಮವಾರ ಎತ್ತಿನ ಹೆಗಲಿಗೆ ನೊಗಾ ಇಡೂದಿಲ್ಲ. ಅವತ್ತು ಮೈ ತೊಳದು, ಹಣಿಗೆ ವಿಭೂತಿ ಹಚ್ಚಿ, ಗಿಡದ ನೆಳ್ಳಿಗೆ ಕಟ್ಟತಾರ. ಅವು ಕಣ್ಣು ಮುಚ್ಚಿ ಮೆಲಕು ಹಾಕಕೋತ ಮಲಗತಾವ. ನನ್ನ ಅಪ್ಪನೂ ಹಂಗ ಮಾಡಿದ, ನನ್ನ ಗಂಡನೂ ಹಂಗ ಮಾಡಿದ. ಎತ್ತು ಮಾರಿ ಬಾಳ ವರ್ಷಾತು. ಆದ್ರ ಅಳಿಯ ಮೊದಲನೇ ಸಲ ಲಾರಿ ತಂದು ಬೇವಿನ ಗಿಡದ ಕೆಳಗ ನಿಲ್ಲಿಸಿದಾಗ ನಾ ಹೇಳಿದೆ, "ಇದೂ ದುಡಿಯೂದ. ಇದಕ್ಕೂ ಸೋಮವಾರ ಬಿಡು." ಆಂವ ಗೋಣು ಹಾಕಿದ. ಮಾಲಕರನ್ನ ಕೇಳಿದ್ರ ಅವರೂ ಕೈ ಮುಗದು, "ಬಾಗೇವಾಡಿ ಸೀಮಿಯವರು ನಾವು, ಇಲ್ಲ ಅನ್ನಾಕ ಆಗತೈತೇನು?" ಅಂದ್ರು. ಹಿಂಗ ಲಾರಿಗೆ ಸೋಮವಾರ ಬಂತು. ನಾ ಅದರ ಮುಂದಿನ ಗಾಜಿನ ಕೆಳಗ ವಿಭೂತಿ ಎಳೀತಿದ್ದೆ. ಅದು ಗಿಡದ ನೆಳ್ಳಾಗ ದಿನಾ ಪೂರ್ತಿ ಸುಮ್ಮನ ನಿಂತಿರತಿತ್ತು, ಬೇವಿನ ಎಲಿ ಒಂದೊಂದ ಅದರ ಬೆನ್ನ ಮ್ಯಾಲ ಬೀಳತಿದ್ದುವು.

ತಾಸಿನ ಲೆಕ್ಕ ಬರಿಯೂ ಪುಸ್ತಕ ಬಂದಿದ್ದು ಈ ಸೀಜನ್ನಿಗೆ. ಹ್ವಾದ ವರ್ಷ ಮಾಲಕರದ ಇನ್ನೊಂದು ಲಾರಿ ಸಿಂದಗಿ ದಾರ್ಯಾಗ ತೆಗ್ಗಿಗಿಳೀತು. ಡ್ರೈವರ್ ಕಣ್ಣು ಹತ್ತಿತ್ತು. ಕೈ ಮುರಕೊಂಡ, ಜೀವ ಉಳೀತು. ಎಷ್ಟು ತಾಸಿನಿಂದ ಗಾಡಿ ಹೊಡೀತಿದ್ದ ಅಂತ ವಿಮಾದವರು ಕೇಳಿದ್ರ ಹೇಳಾಕ ಯಾರ ಕಡೆನೂ ಲೆಕ್ಕ ಇರಲಿಲ್ಲ. ಅದಕ್ಕ ಮಾಲಕರು ಎಲ್ಲಾ ಡ್ರೈವರಿಗೂ ಒಂದೊಂದು ಪುಸ್ತಕ ಕೊಟ್ಟು ಕಾನೂನು ಹೇಳಿ ಕಳಿಸಿದ್ರು. ದಿನಕ್ಕ ಎಂಟು ತಾಸಿನ ಮ್ಯಾಲ ಗಾಡಿ ಹೊಡೀಬಾರದು. ಐದು ತಾಸಿಗೆ ಒಮ್ಮಿ ಅರ್ಧ ತಾಸು ಇಳದು ಕೂಡಬೇಕು. ವಾರದಾಗ ಒಂದು ದಿನ ಪೂರಾ ವಿಶ್ರಾಂತಿ. ಸೀಜನ್ ಡ್ರೈವರಿಗೆ ಹಾಳಿಯ ಕಡೀಕ ಇನ್ನೂ ಒಂದು ಕಲಮು ಇತ್ತು: ಹೊಲದಾಗ, ಇಲ್ಲಾ ಬ್ಯಾರೆಯವರ ಗಾಡಿ ಮ್ಯಾಲ ಮಾಡಿದ ಕೆಲಸದ ತಾಸೂ ಬರೀಬೇಕು.

ಅಳಿಯ ಹೊಸ್ತಿಲ ಮ್ಯಾಲ ಕೂತು ಪೆನ್ನಿನ ತುದಿ ಕಡಕೋತ ಬರೀತಿದ್ದ. ವಿಶ್ರಾಂತಿ ಅನ್ನೂಕಡೆ ಸೋಮವಾರ ಅಂತ ಹಾಕತಿದ್ದ. ಆ ಕಡೀ ಕಲಮು ಖಾಲಿ ಬಿಡತಿದ್ದ.

"ಅದರಾಗ ಏನೂ ಬರೀವಲ್ಲಿ?" ಅಂತ ಮಗಳು ಕೇಳಿದ್ರ, "ನಮ್ಮ ಹೊಲದಾಗ ನಾವು ಅಡ್ಡಾಡೂದು ಕೆಲಸ ಏನು? ಹಂಗಾರ ಉಂಡಿದ್ದೂ ಬರೀಬೇಕಾಗತೈತಿ," ಅಂದ.

ನನಗೂ ಅದು ಖರೆ ಕಂಡಿತು. ಸುಳ್ಳೇನು ಬರದಿರಲಿಲ್ಲ. ಲಾರಿ ಸೋಮವಾರ ಒಂದು ಗೇಣು ಸರದಿರಲಿಲ್ಲ.

ಎಳ್ಳ ಅಮಾಸಿ ಮುಂದ ನಾ ಆಲಮೇಲಕ್ಕ ಅಕ್ಕನ ಮನಿಗೆ ಹೋಗೂದಿತ್ತು. ಖಾಲಿ ಲಾರಿ ಆ ಕಡಿ ಹೊಂಟಿತ್ತು, ಹತ್ತಿ ಕೂತೆ. ಆಗ ಇನ್ನೂ ಬೆಳಕು ಹರೀತಿತ್ತು. ಬಾಗೇವಾಡಿ ದಾಟೂದರಾಗ ಮಂಜು ಬಿತ್ತು. ನನ್ನ ಆಯುಷ್ಯದಾಗ ಅಂಥಾ ಮಂಜು ನೋಡಿದ್ದು ಕಡಿಮಿ. ಎರಡೂ ಬಾಜೂಕ ಬಿಳಿಜ್ವಾಳದ ತೆನಿ ಅಷ್ಟ ಕಾಣತಿದ್ದುವು, ದಂಟು ಕಾಣತಿರಲಿಲ್ಲ. ಹಾಲಿನ ಮ್ಯಾಲ ತೇಲಿದಂಗಿತ್ತು. ಕುಸುಬಿ ಹೊಲದ ಹಳದಿ ಬಂತು, ಹ್ವಾತು. ಅಷ್ಟೆತ್ತರ ಕೂತು ನೋಡಿದ್ರ ನೆಲಾನ ಇಲ್ಲ. ಲಾರಿ ಹೋಗಾಕತ್ತೈತೋ, ನಿಂತೈತೋ, ಹೊಲಾನ ಹಿಂದ ಹರಿಯಾಕತ್ತಾವೋ ತಿಳೀವಲ್ದಾತು. ಸೀಟು ಬೆಚ್ಚಗಿತ್ತು. ನನ್ನ ಕಣ್ಣೂ ಎಳಿಯಾಕತ್ತಿದ್ದುವು.

"ಅತ್ತಿ, ಮಾತಾಡ್ರಿ. ಸುಮ್ಮನ ಕೂಡಬ್ಯಾಡ್ರಿ," ಅಂದ.

"ಏನ್ ಮಾತಾಡ್ಲೋ?"

"ಏನರ. ಬೇಕಾದ್ರ ಬೈರಿ."

ಬೈಯೂದು ನನಗ ತ್ರಾಸಿನ ಕೆಲಸಲ್ಲ. ಅವನನ್ನ ಬೈದೆ. ಅವನಪ್ಪ ನನ್ನ ತಮ್ಮ, ಹೊಲಾ ಮಾರಿ ಫಟಫಟಿ ತಗೊಂಡಾಂವ, ಅವನನ್ನ ಬೈದೆ. ಲಗ್ನದಾಗ ಬೀಗರು ಮಾಡಿದ ಗದ್ದಲ ತಗದೆ. ಆಂವ ನಕ್ಕೋತ ಹ್ಞೂಂ ಹ್ಞೂಂ ಅಂತಿದ್ದ. ಹ್ಞೂಂ ಅನ್ನೂದು ಸಣ್ಣದಾಕ್ಕೋತ ಬಂತು. ನನ್ನ ಬಾಯಿ ಒಣಗಿತು, ಸುಮ್ಮನಾದೆ.

ಒಮ್ಮೆಲೇ ಬ್ರೇಕ್ ಒತ್ತಿದ. ನಾ ಮುಂದಿನ ಹಲಿಗಿಗೆ ಹೋಗಿ ಬಡದೆ.

"ಯಾಕೋ, ಹುಚ್ಚಪ್ಯಾಲಿ?"

"ಎತ್ತು," ಅಂದ. ಅವನ ದನಿ ಬ್ಯಾರೆನ ಇತ್ತು. "ಬಿಳಿ ಎತ್ತು ಅತ್ತಿ. ನಡುರಸ್ತ್ಯಾಗ ನಿಂತೈತಿ. ನನ್ನ ಕಡಿ ನೋಡಾಕತ್ತೈತಿ."

ನಾ ಮೆಲ್ಲಕ ಇಳದೆ. ಮಂಜಿನೊಳಗ ಮುಂದ ನಡದು ಹೋದೆ. ಲಾರಿ ದೀಪದ ಬೆಳಕು ನನ್ನ ಬೆನ್ನ ಮ್ಯಾಲ ಬಿದ್ದು, ನನ್ನ ನೆಳ್ಳು ಮಂಜಿನಾಗ ಎದ್ದು ನಿಂತಿತ್ತು. ಅದನ್ನ ಬಿಟ್ರ ಏನೂ ಇರಲಿಲ್ಲ. ಯಾವುದೋ ಒಂದು ಉಸರು ಬಿಟ್ಟಂಗ ಕೇಳಸ್ತು. ಇಂಜಿನ್ ಇರಬೇಕು. ರಸ್ತಾ ಇಬ್ಬನಿಲೆ ಹಸಿ ಆಗಿತ್ತು. ಗೊರಸಿನ ಗುರತಿಲ್ಲ, ಸೆಗಣಿ ಇಲ್ಲ. ಎತ್ತು ನಿಂತಿದ್ರ ಏನರ ಬಿಟ್ಟ ಹೋಗತೈತಿ.

"ಇಲ್ಲೇನೂ ಇಲ್ಲ. ಗಾಡಿ ಬಾಜೂಕ ಹಚ್ಚಿ ಮಲಕೋ," ಅಂದೆ.

"ಲೋಡಿಂಗಿಗೆ ತಡಾ ಆಗತೈತ್ರಿ," ಅಂದು ಮುಖಕ್ಕ ನೀರ ಹೊಡಕೊಂಡ. ಆಲಮೇಲದ ತನಕ ನಾ ಬಾಯಿ ಮುಚ್ಚಲಿಲ್ಲ. ಹೇಳಾಕ ಏನೂ ಉಳೀಲಾರದಾಗ ಕಂಡ ಕಂಡ ಗಿಡದ ಹೆಸರು ಕೂಗಿದೆ.

ತಿರುಗಿ ಬಂದು ಮಗಳಿಗೆ ಹೇಳಿದೆ. ಆಕಿ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ. "ಯವ್ವಾ, ಡಾಕ್ಟರ ಮುಂದ ಎತ್ತಿನ ಸುದ್ದಿ ತಗೀಬ್ಯಾಡ. ಸಹಿ ಹಾಕೂದಿಲ್ಲ ಅವರು," ಅಂದಳು.

ಮುದ್ದೇಬಿಹಾಳಕ್ಕ ಸಹಿ ಸಲುವಾಗಿ ಹೋದಾಗ ನನ್ನ ಮೊಣಕಾಲೂ ತೋರಿಸಿದ್ರಾತು ಅಂತ ನಾನೂ ಅವನ ಸಂಗಾಟ ಹೋದೆ. ಡಾಕ್ಟರ್ ಬಾಯಾರು ವಯಸ್ಸಿನಾಕಿ ಅಲ್ಲ, ಆದ್ರ ಮಾತು ಖಡಕ್ಕು. ಗ್ವಾಡಿ ಮ್ಯಾಲಿನ ಅಕ್ಷರ ಓದಿಸಿದಳು, ಕಡೀ ಸಾಲಿನ ತನಕ ಓದಿದ. ಬಣ್ಣ ತೋರಿಸಿದಳು, ಹೇಳಿದ. ಆಮ್ಯಾಲ ಕತ್ತಲ ಖೋಲಿಯೊಳಗ ಒಂದು ಮಷೀನ ಮ್ಯಾಲ ಗದ್ದಾ ಇಡಸಿ, "ದೀಪಾ ನೋಡು, ರೆಪ್ಪಿ ಬಡೀಬ್ಯಾಡ," ಅಂದಳು. ಆಕಿ ಏನೋ ತರಾಕ ಹೋಗಿ ಹೊಳ್ಳಿ ಬರೂದರಾಗ ಆಂವ ಗದ್ದಾ ಅಲ್ಲೇ ಇಟ್ಟು ಗೊರಕಿ ಹೊಡಿಯಾಕತ್ತಿದ್ದ. ಬಲಗಾಲು ಸ್ಟೂಲಿನ ಕೆಳಗ ಮೆಲ್ಲಕ ಒತ್ತತಿತ್ತು.

ಆಕಿ ಎಬ್ಬಿಸಿ ಹೊರಗ ತಂದು ಕೂಡ್ರಿಸಿದಳು.

"ವಾರಕ್ಕೊಂದು ದಿನ ರಜಾ ಐತಿಲ್ಲೋ?"

"ಐತ್ರಿ ಬಾಯಾರ. ಸೋಮವಾರ. ಬರದೇನ್ರಿ ನೋಡ್ರಿ." ಪುಸ್ತಕ ತಗದು ಮುಂದ ಇಟ್ಟ.

"ಮೊನ್ನಿ ಸೋಮವಾರ ಏನ್ ಮಾಡಿದಿ?"

"ಮುಂಜಾನೆದ್ದು ಉಳ್ಳಾಗಡ್ಡಿಗೆ ನೀರ ಹಾಯ್ಸಿದ್ನಿರಿ. ಆಮ್ಯಾಲ ಬಾಜೂಮನಿಯವರ ಟ್ರ್ಯಾಕ್ಟರ್ ಹೊಡದ್ನಿರಿ. ಸಂಜೀಕ ಲಾರಿ ತೊಳದ್ನಿರಿ."

"ಮತ್ತ ಮಲಗಿದ್ದು ಯಾವಾಗ?"

ಆಂವ ಪುಸ್ತಕದ ಹಾಳಿ ತಿರುವ್ಯಾಡಿದ.

"ಹಂಗಾರ ರಜಾ ಯಾರಿಗೆ ಕೊಟ್ಟೀರಿ?"

"ಲಾರಿಗ್ರಿ," ಅಂದ.

ಚಾಷ್ಟಿಗೆ ಅಂದಿದ್ದಲ್ಲ ಆಂವ. ಬಾಯಾರು ಪೆನ್ನು ಕೆಳಗಿಟ್ಟು ನನ್ನ ಕಡಿ ನೋಡಿದಳು. "ಆಯಿ, ಇದೇನಿದು?"

"ಸೋಮವಾರ ನೊಗಾ ಇಡೂದಿಲ್ರಿ ನಾವು. ದುಡಿಯೂ ಎತ್ತಿಗೆ."

"ಲಾರಿಗೆ ಹೆಗಲು ಎಲ್ಲೈತಿ ಆಯಿ?"

"ಬಂಪರ್ ಇರಬೇಕು ಬಿಡ್ರಿ," ಅಂದೆ. ಏನರ ಅನಬೇಕಲ್ಲ.

ಆಕಿಗೆ ನಗಿ ಬಂತು, ನುಂಗಿದಳು. ಮತ್ತ ಅವನ ಕಡಿ ಹೊಳ್ಳಿ, "ಗಾಡಿ ಹೊಡಿಯುವಾಗ ಇಲ್ಲದ್ದು ಏನರ ಕಂಡೈತೇನು?" ಅಂದಳು. ಆಂವ ಚಪ್ಪಲಿ ನೋಡಕೋತ ಕೂತ. ನಾ ಅವನ ಪಾದ ನೋಡಿದೆ. ಎಚ್ಚರಿದ್ದಾಗೂ ಅದು ಒತ್ತಾಕತ್ತಿತ್ತು.

"ಕಂಡೈತ್ರಿ," ಅಂದೆ ನಾ. "ಬಿಳಿ ಎತ್ತು. ಸಿಂದಗಿ ದಾರ್ಯಾಗ. ಅಲ್ಲಿ ಎತ್ತಿರಲಿಲ್ಲ."

ನಾ ಅವನನ್ನ ಸಂತ್ಯಾಗ ಮಾರಿದಂಗ ಮುಖಾ ಮಾಡಿದ.

ಬಾಯಾರು ಪುಸ್ತಕ ಮುಚ್ಚಿ ಅವನ ಕೈಯಾಗ ಕೊಟ್ಟಳು. "ಕಣ್ಣು ಛಲೋ ಅದಾವ. ಆದ್ರ ನಿದ್ದಿ ಇಲ್ಲದಾಂವಗ ನಾ ಸಹಿ ಹಾಕೂದಿಲ್ಲ. ನಾ ಸಹಿ ಹಾಕೂತನಕ ಗಾಡಿ ಹತ್ತಬ್ಯಾಡ. ಲಾರಿಗೆ ಕೊಟ್ಟ ಸೋಮವಾರ ಇವಂಗ ಕೊಡ್ರಿ ಆಯಿ. ಮಲಗಿ ಎದ್ದ ಮ್ಯಾಲ ಕರಕೊಂಡ ಬರ್ರಿ, ನೋಡೂಣು."

ತಾರೀಖು ಮುಗಿಯಾಕ ನಡುವ ಒಂದ ಸೋಮವಾರ ಉಳದಿತ್ತು.

ಬಸ್ಸಿನ್ಯಾಗ ಹೊಳ್ಳಿ ಬರುವಾಗ ನಾ ಕಿಡಕಿ ಹೊರಗ ನೋಡಿದೆ. ಒಂದು ಹೊಲದಾಗ ಎತ್ತು ಮಲಗಿದ್ದುವು, ಬಾಜೂಕ ಒಬ್ಬಾಂವ ಮುಖದ ಮ್ಯಾಲ ಟಾವೆಲ್ ಹಾಕ್ಕೊಂಡು ಮಲಗಿದ್ದ. ಎತ್ತು ಬಿಟ್ರ ಆಳಿಗೆ ಕೆಲಸಿಲ್ಲ. ನನ್ನ ಅಪ್ಪ ಸೋಮವಾರ ಗಿಡದ ಕೆಳಗ ಹಿಂಗ ಬಿದ್ದಿರತಿದ್ದ, ಮೈಮ್ಯಾಲ ಇರಬಿ ಹರದಾಡಿದ್ರೂ ಏಳತಿರಲಿಲ್ಲ. ಎತ್ತಿನ ಹೆಸರಿನ್ಯಾಗ ಅಪ್ಪನೂ ಮಲಗತಿದ್ದ. ಈಗ ಮೋಟರ್ ಬಂತು, ಟ್ರ್ಯಾಕ್ಟರ್ ಬಂತು. ಒಂದಕ್ಕ ಬಿಡುವು ಕೊಟ್ರ ಇನ್ನೊಂದು ಕರೀತೈತಿ.

ಮನಿಗೆ ಬಂದ ಮ್ಯಾಲ ಮಗಳು ನನ್ನ ಮ್ಯಾಲ ಎಗರಿದಳು. "ಬ್ಯಾಡ ಅಂದ್ರೂ ಹೇಳಿದಿ. ನನ್ನ ಗಂಡನ ಹೊಟ್ಟಿ ಮ್ಯಾಲ ಕಾಲಿಟ್ಟಿ ನೋಡು."

"ಹೊಟ್ಟಿ ಮ್ಯಾಲ ಲಾರಿ ಹಾಯೂದಕ್ಕಿಂತ ನನ್ನ ಕಾಲು ಹಗರ ಐತಿ," ಅಂದೆ. ಆಕಿ ಎರಡು ದಿನ ನನ್ನ ಕೂಡ ಮಾತು ಬಿಟ್ಟಳು. ಚಾ ಮಾತ್ರ ಕೊಟ್ಟಳು.

ಸೋಮವಾರ ಮುಂಜಾನಿ ಬಾಜೂಮನಿಯಾಂವ ಬಂದು ಅಂಗಳದಾಗ ನಿಂತ. "ದೊಡ್ಡವ್ವಾ, ಎಲ್ಲಿ ಅದಾನ? ಟ್ರ್ಯಾಕ್ಟರ್ ತಗೀಬೇಕು."

"ಇವತ್ತು ಸೋಮವಾರ."

"ಟ್ರ್ಯಾಕ್ಟರಿಗೆ ಎಂಥಾ ಸೋಮವಾರ ತಗದಿ?"

"ಟ್ರ್ಯಾಕ್ಟರಿಗಲ್ಲ, ಅಳಿಯಗ. ಅವನ ಮ್ಯಾಲ ನೊಗಾ ಇಡೂದಿಲ್ಲ ಇವತ್ತು."

"ಏನ್, ಅವಂಗೂ ಮೈ ತೊಳದು ವಿಭೂತಿ ಹಚ್ಚೀಯೇನು?"

"ಹಚ್ಚತೇನಿ. ನಿನಗೂ ಹಚ್ಚಲೇನು, ಬಾ." ಆಂವ ಗೊಣಗಕೋತ ಹ್ವಾದ.

ಮೋಟರಿಗೆ ಕರೆಂಟ್ ಬರೂ ಹೊತ್ತಾಗಿತ್ತು. ಉಳ್ಳಾಗಡ್ಡಿಗೆ ನೀರು ಬಿಡಬೇಕು. ಅಳಿಯ ಏಳಾಕ ಹ್ವಾದ. "ಬಿದ್ಕೋ," ಅಂದು ಸಲಿಕಿ ನಾ ತಗೊಂಡೆ. ಬಾಗಲ ದಾಟುವಾಗ ಹೊಳ್ಳಿ ನೋಡಿದೆ. ಕಣ್ಣು ತಕ್ಕೊಂಡ ಮಲಗಿದ್ದ. "ನಿದ್ದಿ ಬರವಲ್ದು ಅತ್ತಿ. ಸಪ್ಪಳನ ಇಲ್ಲ," ಅಂದ. ದಿನಾ ಇಂಜಿನ್ ಗುಡಗೂದು ಕೇಳಿದ ಕಿವಿಗೆ ನಮ್ಮ ಮನಿ ಕಿವುಡಾಗಿತ್ತು.

ಹೊಲದಾಗ ನೀರು ಬಂತು. ಮಡಿ ಒಡದು ಒಂದಕ್ಕ ಬಿಟ್ಟೆ, ಅದು ತುಂಬಿದ ಮ್ಯಾಲ ಕಟ್ಟಿ ಇನ್ನೊಂದಕ್ಕ ಬಿಟ್ಟೆ. ಎಷ್ಟೋ ವರ್ಷಾಗಿತ್ತು ಸಲಿಕಿ ಹಿಡದು. ಬೆನ್ನು ಬೈತು. ಕಾಲಾಗ ತಂಪು ಏರಿತು. ನೀರು ಎರಿ ಮಣ್ಣಿನ ಬಿರುಕಿನೊಳಗ ಗುಟುಕು ಗುಟುಕು ಇಳಿಯೂದು, ಸಣ್ಣ ಗುಳ್ಳಿ ಏಳೂದು, ಒಡಿಯೂದು. ಬೆಳ್ಳಕ್ಕಿ ನನ್ನ ಹಿಂದಿಂದ ನಡದು ಬಂದುವು, ನಾ ನಿಂತ್ರ ನಿಂತುವು. ಬಿಸಲು ಏರಿ ನೀರಿನ ಮ್ಯಾಲ ಆಕಾಶ ಬಿತ್ತು. ಅದನ್ನೂ ಒಂದು ಮಡಿಯಿಂದ ಇನ್ನೊಂದಕ್ಕ ಕಟ್ಟಕೋತ ಹೋದೆ. ಹೊತ್ತು ಎಷ್ಟಾತೋ ಗೊತ್ತಾಗಲಿಲ್ಲ. ಕರೆಂಟ್ ಹೋದಾಗ ಎಚ್ಚರಾದಂಗಾತು.

ಮನಿ ಹತ್ರ ಬರೂದರಾಗ ಗುಡು ಗುಡು ಸಪ್ಪಳ ಕೇಳಸ್ತು. ಲಾರಿ ಚಾಲೂ ಮಾಡ್ಯಾನ ಅಂತ ಸಿಟ್ಟು ಬಂತು. ನೋಡಿದ್ರ ಲಾರಿ ಗಿಡದ ಕೆಳಗ ನಿಂತಲ್ಲೇ ಇತ್ತು. ಒಳಗ ಮಗಳು ಬೀಸೂಕಲ್ಲಿನ ಮುಂದ ಕಾಲು ಚಾಚಿ ಕೂತು ತಿರುವಾಕತ್ತಿದ್ದಳು. ಕಡಲಿಬ್ಯಾಳಿ ಒಡಿಯಾಕ ವರ್ಷಕ್ಕೊಮ್ಮಿ ಹೊರಗ ತಗಿಯೂ ಕಲ್ಲು. ಆಂವ ಹೊರಸಿನ ಮ್ಯಾಲ ಮಲಗಿದ್ದ. ನೆಲ ಸಣ್ಣಗ ನಡಗತಿತ್ತು.

ಹತ್ರ ಹೋಗಿ ನೋಡಿದ್ರ ಕಲ್ಲಿನ್ಯಾಗ ಕಾಳಿರಲಿಲ್ಲ. ಬುಟ್ಟಿ ಖಾಲಿ. ಬರೇ ಕಲ್ಲು ತಿರುಗತಿತ್ತು.

"ಕಾಳು ಮುಗದಾವಲ್ಲ?"

"ನಿಲ್ಲಿಸಿದ್ರ ಏಳತಾರ," ಅಂದಳು. ಎರಡು ದಿನದಾಗ ನನ್ನ ಕೂಡ ಆಡಿದ ಮೊದಲನೇ ಮಾತು.

ಕೆಸರು ಕಾಲಿಲೆ ಆಕಿ ಎದುರಿಗೆ ಕೂತು ಗೂಟಕ್ಕ ನಾನೂ ಕೈ ಹಚ್ಚಿದೆ. ಇಬ್ಬರೂ ತಿರುವಿದಿವಿ. ಕಲ್ಲಿನ ಮ್ಯಾಲ ಕಲ್ಲು ಉಜ್ಜಿ ಸಣ್ಣ ಬಿಳಿ ಧೂಳು ಬೀಳತಿತ್ತು. ಅವನ ಪಾದ ಒತ್ತತಿತ್ತು, ಬಿಡತಿತ್ತು. ನಾ ರಸ್ತಾ ನೋಡಕೋತ ಕೂತೆ. ಬಾಗೇವಾಡಿ ಬಂತು. ತಿರುವು. ಜ್ವಾಳದ ಹೊಲ. ಇನ್ನೊಂದು ತಿರುವು. ಆಮ್ಯಾಲ ಒಮ್ಮಿ ಉದ್ದಕ, ಮೆಲ್ಲಕ, ಪೂರಾ ಒತ್ತಿದ. ಹಂಗ ಸ್ವಲ್ಪ ಹೊತ್ತು ಹಿಡದ. ಪಾದ ಬಾಜೂಕ ಬಿತ್ತು. ಮತ್ತ ಏಳಲಿಲ್ಲ.

"ಎಲ್ಲಿ ಮುಟ್ಯಾರ?" ಮಗಳು ಪಿಸುಗುಟ್ಟಿದಳು.

"ಎಲ್ಲೋ ನಿಂತಾನ. ಇಳದಾನ ಗಾಡಿಯಿಂದ."

ಕೈ ತಗದಿವಿ. ಕಲ್ಲು ತಾನಾಗೇ ಅರ್ಧ ಸುತ್ತು ಹೋಗಿ ನಿಂತಿತು. ಆಂವ ಏಳಲಿಲ್ಲ. ಸಂಜೀ ತನಕ ಮಲಗಿದ, ಮತ್ತ ಉಂಡು ಮಲಗಿದ.

ಅದ ವಾರ ಬಾಯಾರು ಮತ್ತ ಕತ್ತಲ ಖೋಲಿಯೊಳಗ ಕೂಡ್ರಿಸಿ, ಬೇಕಂತ ತಡಾ ಮಾಡಿ ಬಂದು ನೋಡಿದಳು. ಎಚ್ಚರಿದ್ದ. ಸಹಿ ಹಾಕಿದಳು. ಅದನ್ನ ಹಿಡಕೊಂಡು ಜಿಲ್ಲಾ ಆಫೀಸಿಗೆ ಹೋಗಿ ಬಂದ, ಲೈಸೆನ್ಸ್ ಮುಂದುವರೀತು, ಸೀಟು ಉಳೀತು. ಈಗ ಆ ಕಡೀ ಕಲಮಿನ್ಯಾಗ ಹೊಲದ ತಾಸೂ ಬರೀತಾನ. ಬರದ ಮ್ಯಾಲ ಮಾಲಕರು ಟ್ರಿಪ್ ಕಡಿಮಿ ಮಾಡಿದ್ರು. ಮಾಡಲಿ. ಸೋಮವಾರದ ನೀರು ನನ್ನ ಪಾಲಿಗೆ ಬಂತು. ಮೊಣಕಾಲು ನೋಯತಾವ, ನೋಯಲಿ. ಬಾಜೂಮನಿಯಾಂವ ಬ್ಯಾರೆ ಡ್ರೈವರ್ ಹುಡಕ್ಯಾನ.

ಇವತ್ತೂ ಸೋಮವಾರ. ಹೊಲದಿಂದ ಬಂದು ಹೊಸ್ತಿಲ ಮ್ಯಾಲ ಕೂತೇನಿ. ಒಳಗಿಂದ ಗೊರಕಿ ಕೇಳಸಾಕತ್ತೈತಿ. ಬೇವಿನ ಗಿಡದ ಕೆಳಗ ಲಾರಿ ವಾರದ ಧೂಳು ಹೊತಗೊಂಡು ನಿಂತೈತಿ. ಅದನ್ನ ತೊಳಿಯಾಕ ಯಾರೂ ಎದ್ದಿಲ್ಲ.